ಕಿಟಕಿ ಪಕ್ಕದ ಇಪ್ಪತ್ಮೂರು

ಲೆಕ್ಕದ ಮೇಷ್ಟ್ರು ಹಾಜರಿ ತೆಗೆದುಕೊಳ್ಳುವಾಗ ತಲೆ ಎತ್ತಿದ್ದನ್ನು ಕಂಡವರು ಆ ಹೈಸ್ಕೂಲಿನಲ್ಲಿ ಒಬ್ಬರೂ ಇರಲಿಲ್ಲ. ದಪ್ಪ ಗಾಜಿನ ಕನ್ನಡಕ, ಕನ್ನಡಕದ ಕೆಳಗೆ ಉದ್ದ ಮೂಗು, ಮೂಗಿನ ತುದಿಗೆ ತಾಗುವಷ್ಟು ಹತ್ತಿರ ಹಾಜರಿ ಪುಸ್ತಕ. ಹೆಸರು ಕೂಗುವ ಪದ್ಧತಿ ಅವರದಲ್ಲ. ನಂಬರು ಕೂಗುತ್ತಿದ್ದರು. ದನಿ ಬಂದರೆ ಟಿಕ್ಕು, ಬರದಿದ್ದರೆ ಸೊನ್ನೆ. "ನನಗೆ ನಿಮ್ಮ ಮುಖ ಬೇಡ, ದನಿ ಸಾಕು. ಮುಖಾನ ಎಲ್ಲರೂ ತೊಳ್ಕೊಂಡು, ಬಾಚ್ಕೊಂಡು ಬರ್ತೀರಿ. ದನಿಗೆ ಯಾರೂ ಪೌಡರ್ ಹಾಕಲ್ಲ" ಅಂತ ಮೊದಲ ದಿನವೇ ಹೇಳಿಬಿಟ್ಟಿದ್ದರು. ಮೂರು ದಿನ ಸಾಲಾಗಿ ಸೊನ್ನೆ ಬಿದ್ದರೆ ಆ ನಂಬರಿನ ಮೇಲೆ ಕೆಂಪು ಶಾಯಿಯ ಗೆರೆ. ಗೆರೆ ಬಿತ್ತೋ, ಕಥೆ ಮುಗೀತು. ಆಮೇಲೆ ಆ ನಂಬರನ್ನು ಅವರು ಬಾಯಿಗೂ ತರುತ್ತಿರಲಿಲ್ಲ. ವರ್ಷದ ಕೊನೆಗೆ ಒಂದೂ ಕೆಂಪು ಗೆರೆ ಇಲ್ಲದ ಕ್ಲಾಸಿಗೆ ಸಮುದ್ರ ನೋಡಲು ಬಸ್ಸು ಬಿಡುವುದು ಆ ಶಾಲೆಯ ರೂಢಿ.

ಆ ಬಸ್ಸಿನ ಆಸೆಗೇ ನೋಡಿ ಇಷ್ಟೆಲ್ಲ ಆದದ್ದು.

ನಮ್ಮ ಕಥೆಯ ಹುಡುಗಿಗೆ ಕ್ಲಾಸಿನಲ್ಲಿ ರೇಡಿಯೊ ಅಂತ ಹೆಸರು. ನಂಬರು ಮೂವತ್ತೊಂದು. ಯಾರ ದನಿಯನ್ನು ಬೇಕಾದರೂ ಅಚ್ಚೊತ್ತಿದ ಹಾಗೆ ತೆಗೆಯುತ್ತಿದ್ದಳು. ಹೆಡ್‌ಮಾಸ್ಟರ ಕೆಮ್ಮು, ವಿಜ್ಞಾನದ ಮೇಡಮ್ಮಿನ ಆಕಳಿಕೆ, ಗಂಟೆ ಹೊಡೆಯುವ ಜವಾನನ ಗೊಣಗಾಟ, ಎಲ್ಲ ಅವಳ ಗಂಟಲಲ್ಲಿ ಬಾಡಿಗೆಗೆ ಇದ್ದವು. ಅಮ್ಮನ ಕೆಲಸದ ದೆಸೆಯಿಂದ ನಾಲ್ಕು ವರ್ಷಕ್ಕೆ ಮೂರು ಶಾಲೆ ಕಂಡವಳು. ಮೊದಲ ಎರಡರಲ್ಲಿ ಒಬ್ಬರೂ ಅವಳ ಪಕ್ಕ ಕೂತು ಊಟ ಮಾಡಿರಲಿಲ್ಲ. ಇಲ್ಲಿಗೆ ಬಂದ ಮೊದಲ ದಿನದ ಹಾಜರಿಯಲ್ಲೇ ತನ್ನ ನಂಬರಿಗೆ, ಬೆಳಿಗ್ಗೆ ಪ್ರಾರ್ಥನೆಯಲ್ಲಿ ಕಂಡ ಹೆಡ್‌ಮಾಸ್ಟರ ಹಾಗೆ ಕೆಮ್ಮಿದಳು. ಅವತ್ತು ಮಧ್ಯಾಹ್ನವೇ ಮೂವರು ಡಬ್ಬಿ ಹಿಡಿದುಕೊಂಡು ಅವಳ ಬೆಂಚಿಗೆ ಬಂದರು. ಅಂದಿನಿಂದ ಅವಳು ಶಾಲೆಯಲ್ಲಿ ಸ್ವಂತ ದನಿಯಲ್ಲಿ ಒಂದು ಮಾತೂ ಆಡಲಿಲ್ಲ. ಆಡಿದರೆ ಎಲ್ಲಿ ಮೂವರೂ ಎದ್ದು ಹೋಗುತ್ತಾರೋ ಅನ್ನುವ ಹೆದರಿಕೆ. ತನ್ನ ನಂಬರಿಗೂ ಅಷ್ಟೇ, ದಿನಕ್ಕೊಂದು ಬಗೆಯಲ್ಲಿ "ಪ್ರೆಸೆಂಟ್ ಸಾರ್" ಅನ್ನುತ್ತಿದ್ದಳು. ಕ್ಲಾಸು ಬಿದ್ದು ಬಿದ್ದು ನಗುತ್ತಿತ್ತು, ಮೇಷ್ಟ್ರು ತುಟಿ ಪಿಟಕ್ಕೆನ್ನದೆ ಟಿಕ್ಕು ಹಾಕುತ್ತಿದ್ದರು.

ಆ ಮೂವರ ಬಗ್ಗೆ ಹೇಳಿಬಿಡುತ್ತೇನೆ. ಮಂತ್ರಿ, ಕ್ಲಾಸಿನ ಲೀಡರಮ್ಮ. ಬೆಳಿಗ್ಗೆ ಎದ್ದರೆ ಪಟ್ಟಿ, ಮಲಗಿದರೆ ಪಟ್ಟಿ. ಡಸ್ಟರ್ ಕಳೆದುಹೋದರೂ ತನಿಖಾ ಸಮಿತಿ ಮಾಡುವವಳು. ಡಬ್ಬಿ, ಎರಡನೇ ಪೀರಿಯಡ್ಡಿಗೇ ಊಟದ ಡಬ್ಬಿ ಖಾಲಿ ಮಾಡಿ ಮಧ್ಯಾಹ್ನ ಊರವರ ಡಬ್ಬಿಗೆ ಕೈ ಹಾಕುವ ಹುಡುಗ. ಇನ್ನು ಗೂಬೆ. ಹಗಲೆಲ್ಲ ನಿದ್ದೆ. ಒಮ್ಮೆ ನಿದ್ದೆಗಣ್ಣಲ್ಲೇ ಪಕ್ಕದ ಕ್ಲಾಸಿಗೆ ಹೋಗಿ ಪರೀಕ್ಷೆ ಬರೆದು ಪಾಸಾಗಿ ಬಂದಿದ್ದ.

ಶಾಲೆ ಶುರುವಾದ ಮೊದಲ ವಾರ. ಇಪ್ಪತ್ಮೂರು ಅಂತ ಮೇಷ್ಟ್ರು ಕೂಗಿದರೆ ಎರಡು ದಿನ ದನಿ ಬರಲಿಲ್ಲ. ಯಾರು ಆ ಇಪ್ಪತ್ಮೂರು? ಬಂದಿದ್ದಾಳೋ ಇಲ್ಲವೋ? ಕೊನೇ ಸಾಲಿನ ಕಿಟಕಿ ಪಕ್ಕದ ಬೆಂಚು ಅವಳದು ಅಂತ ಮಂತ್ರಿಯ ಪಟ್ಟಿಯಲ್ಲಿ ಇತ್ತು. ಆದರೆ ಎಲ್ಲರೂ ಹೊಸಬರು, ತಮ್ಮ ತಮ್ಮ ಗಡಿಬಿಡಿಯಲ್ಲಿ ಇದ್ದವರು. ಯಾರು ತಿರುಗಿ ನೋಡುತ್ತಾರೆ?

"ನಾಳೆನೂ ಸೊನ್ನೆ ಬಿದ್ರೆ ಕೆಂಪು ಗೆರೆ ಕಣ್ರೋ! ಮೊದಲನೇ ವಾರಕ್ಕೇ ನಮ್ಮ ಸಮುದ್ರ ಗೋವಿಂದ!" ಅಂತ ಮಂತ್ರಿ ತಲೆ ಮೇಲೆ ಕೈ ಹೊತ್ತು ಕೂತಳು.

"ರೇಡಿಯೊ ಇರೋವಾಗ ನಮಗ್ಯಾಕೆ ಚಿಂತೆ? ಹೇಳ್ತಾಳೆ ಬಿಡು ಪ್ರಾಕ್ಸಿ," ಅಂದ ಡಬ್ಬಿ, ರೇಡಿಯೊಳ ಮೊಟ್ಟೆ ಬಾಯಿಗೆ ಹಾಕಿಕೊಳ್ಳುತ್ತಾ.

ಹೇಳುವುದೇನೋ ಸುಲಭ. ಆದರೆ ಯಾವ ದನಿಯಲ್ಲಿ? ಮೇಷ್ಟ್ರ ಕಿವಿ ಹಾವಿನ ಕಿವಿ. ಕ್ಲಾಸಿನಲ್ಲಿ ಯಾರ ದನಿಯನ್ನು ತೆಗೆದರೂ ಹಿಡಿದುಬಿಡುತ್ತಾರೆ. ಶಾಲೆಯಲ್ಲಿ ಯಾರೂ ಕೇಳಿರದ ಒಂದು ದನಿ ಬೇಕು. ರೇಡಿಯೊ ರಾತ್ರಿಯೆಲ್ಲ ಯೋಚಿಸಿದಳು. ಅಂಥದ್ದು ಇದ್ದದ್ದು ಒಂದೇ, ಮನೆಯಲ್ಲಿ ಅಜ್ಜಿಯ ಜೊತೆ ಆಡುವ ತನ್ನದೇ ದನಿ. ಮೂರನೇ ದಿನ "ಇಪ್ಪತ್ಮೂರು" ಅಂದ ಕೂಡಲೇ ತಲೆ ತಗ್ಗಿಸಿ, ಸ್ವಂತ ದನಿಯಲ್ಲಿ "ಪ್ರೆಸೆಂಟ್ ಸಾರ್" ಅಂದಳು. ಟಿಕ್ಕು ಬಿತ್ತು. ಮೂವರೂ ಬೆಂಚಿನ ಕೆಳಗೆ ಕೈ ಕೈ ಹೊಡೆದುಕೊಂಡರು, ಕ್ಲಾಸು ಮುಸಿಮುಸಿ ನಕ್ಕಿತು. ತಾನು ಬಾಯಿ ತೆರೆಯುವ ಹೊತ್ತಿಗೇ ಕೊನೇ ಸಾಲಿನ ಕಡೆಯಿಂದ ಯಾರೋ ಉಸಿರು ಎಳೆದುಕೊಂಡಂತೆ ಅವಳಿಗೆ ಕೇಳಿಸಿತ್ತು. ಗೂಬೆಯ ಗೊರಕೆ ಇರಬೇಕು ಅಂದುಕೊಂಡಳು.

ಆಮೇಲೆ ಐದು ತಿಂಗಳು ಇಪ್ಪತ್ಮೂರು ದಿನಾ ಹಾಜರು. ಬರಬರುತ್ತಾ ಅದೇ ಒಂದು ದೊಡ್ಡ ತಮಾಷೆ ಆಯಿತು. ಮಂತ್ರಿ ಕಸ ಗುಡಿಸುವ ಪಟ್ಟಿಯಲ್ಲಿ ಅವಳ ನಂಬರೂ ಸೇರಿಸಿದಳು. ಡಬ್ಬಿ, "ನನ್ನ ಡಬ್ಬಿ ಖಾಲಿ ಮಾಡಿದ್ದು ನಾನಲ್ಲ, ಇಪ್ಪತ್ಮೂರು" ಅನ್ನುತ್ತಿದ್ದ. ಗೂಬೆ ಹೋಂವರ್ಕ್ ಮಾಡದಿದ್ದರೆ, "ಪುಸ್ತಕ ಇಪ್ಪತ್ಮೂರು ತಗೊಂಡು ಹೋಗಿದಾಳೆ ಮೇಡಂ." ಎಲ್ಲರಿಗೂ ಹೊಟ್ಟೆ ಹುಣ್ಣಾಗುವಷ್ಟು ನಗು. ರೇಡಿಯೊಳಿಗೆ ಮಾತ್ರ ಒಂದು ಸಂಗತಿ ಕಂಡಿತ್ತು. ಮಂತ್ರಿಯ ಪಟ್ಟಿಯಲ್ಲಿ ಇಪ್ಪತ್ಮೂರರ ಸರದಿ ಬಂದ ಮಂಗಳವಾರಗಳಲ್ಲಿ ನೆಲ ಗುಡಿಸಿಯೇ ಇರುತ್ತಿತ್ತು. ಕ್ಲಾಸಿನ ಬೆಂಚುಗಳ ಮೇಲೆಲ್ಲ ಸೀಮೆಸುಣ್ಣದ ಧೂಳು ಕೂತರೂ ಕಿಟಕಿ ಪಕ್ಕದ ಬೆಂಚಿನ ಮೇಲೆ ಒಂದು ಕಣವೂ ಇರುತ್ತಿರಲಿಲ್ಲ. ಈ ಮಾತು ಹೇಳಲು ಹೋದರೆ ಮಂತ್ರಿ, "ಜವಾನ ಒಳ್ಳೆಯವನು, ಸುಮ್ನಿರೆ" ಅಂದಳು. ರೇಡಿಯೊ ಆ ಮಾತು ಅಲ್ಲಿಗೇ ಬಿಟ್ಟಳು. ಇದ್ದ ಮೂವರು ಗೆಳೆಯರನ್ನು ಇಂಥ ಮಾತಾಡಿ ಕಳೆದುಕೊಳ್ಳುವುದು ಯಾರಿಗೆ ಬೇಕು?

ಅಮ್ಮ ಕೆಲಸಕ್ಕೆ ಹೋದರೆ ಮನೆಯಲ್ಲಿ ಅಜ್ಜಿಯೊಬ್ಬಳೇ; ಅವಳಿಗೆ ಕಣ್ಣು ಮಂಜು. ಬಂದವರು ಯಾರು ಅಂತ ಗೊತ್ತಾಗುತ್ತಿದ್ದದ್ದು ದನಿಯಿಂದಲೇ. ರೇಡಿಯೊ ಒಮ್ಮೆ ಹಾಲಿನವನ ದನಿಯಲ್ಲಿ "ಅಜ್ಜೀ, ಹಾಲು" ಅಂದು ಪಾತ್ರೆ ಹಿಡಿದು ಬಂದ ಅಜ್ಜಿಯ ಎದುರು ಕಿಸಿಕಿಸಿ ನಕ್ಕಿದ್ದಳು. ಅಜ್ಜಿ ನಗಲಿಲ್ಲ. "ನೋಡು ಮಗಳೇ, ಬೀದೀಲಿ ಯಾರ ದನಿ ಬೇಕಾದ್ರೂ ತೆಗಿ. ಈ ಬಾಗಿಲು ದಾಟಿದ ಮೇಲೆ ನಿನ್ನ ದನೀಲೇ ಮಾತಾಡು. ನನ್ನ ಹತ್ರ ನಿನ್ನದು ಅಂತ ಇರೋದು ಅದೊಂದೇ" ಅಂದಳು. ಅಂದಿನಿಂದ ಮನೆಯಲ್ಲಿ ಆಟ ಬಂದ್. ಸಂಜೆ ಬಾಗಿಲಲ್ಲಿ "ಅಜ್ಜಿ, ನಾನೇ" ಅನ್ನುವುದು, ಅಜ್ಜಿ "ಬಾ ಮಗಳೇ" ಅನ್ನುವುದು. ದಿನಾ ಇಷ್ಟೇ.

ಶಾಲೆಯ ವಾರ್ಷಿಕೋತ್ಸವದ ನಾಟಕದಲ್ಲಿ ಏಳು ಪಾತ್ರಗಳ ದನಿಯನ್ನು ಅವಳೊಬ್ಬಳೇ ಪರದೆಯ ಹಿಂದೆ ನಿಂತು ಕೊಟ್ಟಳು. ಎರಡು ಗಂಟೆ. ಚಪ್ಪಾಳೆಯೋ ಚಪ್ಪಾಳೆ. ಮರುದಿನ ಬೆಳಿಗ್ಗೆ ಬಾಯಿ ತೆರೆದರೆ ಬರೀ ಗಾಳಿ. ಗಂಟಲು ಪೂರ್ತಿ ಕಟ್ಟಿಹೋಗಿತ್ತು.

ಹಾಗೇ ಶಾಲೆಗೆ ಹೋದಳು. ಗಂಟಲು ತೋರಿಸಿ ಸನ್ನೆ ಮಾಡಿದಳು. ಮಂತ್ರಿ ಬೆವರಿದಳು. "ಅಯ್ಯಯ್ಯೋ, ಹಾಗಾದ್ರೆ ಇಪ್ಪತ್ಮೂರರ ಗತಿ?" ನೋಡಿ, ಮೂವತ್ತೊಂದರ ಗತಿ ಏನು ಅಂತ ಅವಳಿಗೆ ಹೊಳೆಯಲೇ ಇಲ್ಲ.

ಮೇಷ್ಟ್ರು ಬಂದರು. ಪುಸ್ತಕ ತೆರೆದರು. ಇಪ್ಪತ್ತೊಂದು, ಟಿಕ್ಕು. ಇಪ್ಪತ್ತೆರಡು, ಟಿಕ್ಕು.

"ಇಪ್ಪತ್ಮೂರು."

"ಪ್ರೆಸೆಂಟ್ ಸಾರ್."

ಕಿಟಕಿಯ ಕಡೆಯಿಂದ ಬಂತು. ಸ್ಪಷ್ಟವಾಗಿ, ತಣ್ಣಗೆ. ಅದು ಅವಳದೇ ದನಿ. "ಅಜ್ಜಿ, ನಾನೇ" ಅನ್ನುವ ದನಿ. ತಿರುಗಿ ನೋಡಿದಳು. ಬೆಂಚು ಖಾಲಿ. ಕಿಟಕಿಯ ಪರದೆ ಒಂದಿಷ್ಟೂ ಅಲುಗಾಡದೆ ನಿಂತಿತ್ತು.

"ಭಲೇ! ಎಂಥಾ ನಾಟಕ ಆಡ್ತೀಯೇ!" ಅಂತ ಡಬ್ಬಿ ಪಿಸುಗುಟ್ಟಿದ. ಅವಳು ತಲೆ ಅಲ್ಲಾಡಿಸಿದಳು, ಬಾಯಿ ತೆರೆದು ತೋರಿಸಿದಳು, ಕೈ ಮುಗಿದಳು. ಮಾಡಿದಷ್ಟೂ ಅವರಿಗೆ ನಗು ಜಾಸ್ತಿಯಾಯಿತು.

"ಮೂವತ್ತೊಂದು."

ರೇಡಿಯೊ ಎದ್ದು ನಿಂತಳು. ಕೈ ಎತ್ತಿದಳು. ಬೆಂಚು ತಟ್ಟಿದಳು. ಮೇಷ್ಟ್ರ ಮೂಗು ಪುಸ್ತಕದಿಂದ ಮೇಲೇಳಲಿಲ್ಲ.

"ಸಾರ್, ಇದಾಳೆ ಸಾರ್, ಗಂಟಲು ಕಟ್ಟಿದೆ," ಅಂದಳು ಮಂತ್ರಿ.

"ನಿಮ್ಮ ಮಾತು ನಂಬಿದ್ರೆ ಈ ಕ್ಲಾಸಲ್ಲಿ ನಲವತ್ತರ ಬದಲು ಎಪ್ಪತ್ತು ಜನ ಇರಬೇಕಿತ್ತು," ಅಂದರು ಮೇಷ್ಟ್ರು. ಸೊನ್ನೆ ಬಿತ್ತು. ತೋಳ ಬಂತು ತೋಳ ಅಂತ ಐದು ತಿಂಗಳೂ ಕೂಗಿದವರ ಮಾತಿಗೆ ಬೆಲೆ ಎಲ್ಲಿಂದ ಬರಬೇಕು!

ಮಧ್ಯಾಹ್ನ ಮಂತ್ರಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. "ಇಪ್ಪತ್ಮೂರು ಹೇಳೋಕೆ ಗಂಟಲಿದೆ, ನಿನ್ನ ನಂಬರ್ ಹೇಳೋಕೆ ಇಲ್ವಾ? ಇನ್ನೆರಡು ಸೊನ್ನೆ ಬಿದ್ರೆ ಗೆರೆ ಕಣೇ! ಇಷ್ಟು ದಿನದ ನಮ್ಮ ಒದ್ದಾಟ ಎಲ್ಲಾ ನೀರಲ್ಲಿ ಹೋಮ ಆಗ್ಲಾ?"

ರೇಡಿಯೊ ನೋಟ್‌ಬುಕ್ಕಿನ ಹಾಳೆ ಹರಿದು ಬರೆದಳು: 'ನಾನು ಹೇಳಲಿಲ್ಲ. ಅಲ್ಲಿ ಯಾರೋ ಇದ್ದಾರೆ.' ಮೂವರೂ ಓದಿದರು. ಡಬ್ಬಿ, "ಇದ್ದಾಳಲ್ಲ, ಇಪ್ಪತ್ಮೂರು" ಅಂದ. ನಗುತ್ತಾನೆ ಅಂತ ಅವಳು ಕಾದಳು. ಅವನು ನಗಲಿಲ್ಲ, ಅನ್ನ ಕಲಸುತ್ತಾ ಕೂತ.

ಮೇಷ್ಟ್ರಿಗೆ ನಿಜ ಹೇಳಿಬಿಡೋಣ ಅಂತ ಮರುದಿನ ಬೆಳಿಗ್ಗೆ ಚೀಟಿ ಬರೆದು ತಂದಳು. 'ಇಪ್ಪತ್ಮೂರು ಅನ್ನುವವಳು ಇಲ್ಲ. ಇಷ್ಟು ದಿನ ಹೇಳಿದ್ದು ನಾನು, ಮೂವತ್ತೊಂದು.' ಸಮುದ್ರ ಹೋದರೆ ಹೋಗಲಿ, ಗೆಳೆಯರು ಬೈದರೆ ಬೈಯಲಿ. ಮೇಷ್ಟ್ರು ಚೀಟಿ ಮುಟ್ಟಲೂ ಇಲ್ಲ. "ಚೀಟಿ ಗೀಟಿ ಎಲ್ಲ ಆಫೀಸಲ್ಲಿ." ಆಫೀಸಿನ ಗುಮಾಸ್ತರು ಕನ್ನಡಕ ಏರಿಸಿ ನಂಬರು ಕೇಳಿದರು, ಬರೆದು ತೋರಿಸಿದಳು. ನಿನ್ನೆಯ ಹಾಳೆ ನೋಡಿ, "ಮೂವತ್ತೊಂದು ಶಾಲೆಗೇ ಬಂದಿಲ್ವಲ್ಲಮ್ಮ. ಬರದೇ ಇರೋರ ಚೀಟಿ ನಾನು ಹೇಗೆ ತಗೊಳ್ಳಲಿ? ಮೊದಲು ಅವಳನ್ನ ಬರೋಕೆ ಹೇಳು" ಅಂದರು. ನಗಬೇಕೋ ಅಳಬೇಕೋ, ನೀವೇ ಹೇಳಿ.

ಅಂದಿನ ಹಾಜರಿಗೆ ಡಬ್ಬಿಯೇ ಎದೆ ಗಟ್ಟಿ ಮಾಡಿ, ಮೂವತ್ತೊಂದು ಅಂದ ಕೂಡಲೇ ಮೂಗು ಹಿಡಿದುಕೊಂಡು ಕೀಚಲು ದನಿಯಲ್ಲಿ "ಪ್ರೆಸೆಂಟ್ ಸಾರ್" ಅಂದ. ಕ್ಲಾಸು ಹೋ ಅಂತ ನಕ್ಕಿತು.

"ಅದು ಹನ್ನೆರಡರ ದನಿ," ಅಂದರು ಮೇಷ್ಟ್ರು.

"ಹಾಗಾದ್ರೆ ಮೂವತ್ತೊಂದರ ದನಿ ಹೇಗಿರತ್ತೆ ಸಾರ್?" ಅಂತ ಮಂತ್ರಿ ಕೇಳಿದಳು.

ಮೇಷ್ಟ್ರು ಪುಸ್ತಕದ ಹಿಂದಿನ ಹಾಳೆಗಳನ್ನು ತಿರುವಿದರು. "ಒಂದಿನ ಇದ್ದ ಹಾಗೆ ಇನ್ನೊಂದಿನ ಇರ್ತಿರಲಿಲ್ಲ. ಅದಕ್ಕೆ ಅಂತ ಒಂದು ದನಿ ಇದ್ದ ಹಾಗೇ ಕಾಣೆ," ಅಂದು ಎರಡನೇ ಸೊನ್ನೆ ಹಾಕಿದರು.

ರೇಡಿಯೊ ಗೂಬೆಯ ಕಡೆ ನೋಡಿದಳು. ಅವನು ಅಪರೂಪಕ್ಕೆ ಎಚ್ಚರವಾಗಿದ್ದ. ಅವಳನ್ನೇ ನೋಡುತ್ತಿದ್ದ, ಬಸ್ ಸ್ಟಾಪಿನಲ್ಲಿ ಪರಿಚಯ ಇಲ್ಲದವರನ್ನು ನೋಡುವ ಹಾಗೆ. ಊಟದ ಹೊತ್ತಿಗೆ ಮೂವರೂ ತಮ್ಮ ತಮ್ಮ ಡಬ್ಬಿ ಎತ್ತಿಕೊಂಡು ಕಿಟಕಿ ಪಕ್ಕದ ಬೆಂಚಿಗೆ ಹೋದರು. ಅಲ್ಲಿ ಕೂತು ಏನೋ ಮಾತಾಡಿದರು, ನಕ್ಕರು. ಅವರ ಮಾತಿನ ನಡುವೆ ಹೆಡ್‌ಮಾಸ್ಟರ ಕೆಮ್ಮು ಕೇಳಿಸಿತು. ಅಚ್ಚೊತ್ತಿದ ಹಾಗೆ. ಡಬ್ಬಿ ಹೊಟ್ಟೆ ಹಿಡಿದುಕೊಂಡು, "ನಿನ್ನ ಬಿಟ್ರೆ ಇಲ್ಲ ಬಿಡು ಮಾರಾಯ್ತಿ!" ಅಂದ. ರೇಡಿಯೊ ತನ್ನ ಬೆಂಚಿನಲ್ಲಿ ಒಬ್ಬಳೇ ಕೂತು ಊಟದ ಡಬ್ಬಿ ತೆರೆದಳು. ಹಿಂದಿನ ಎರಡು ಶಾಲೆಗಳಲ್ಲೂ ಹೀಗೆಯೇ ಕೂತಿದ್ದಳು. ಕಣ್ಣೀರು ತಟತಟ ಅನ್ನದ ಮೇಲೇ ಬಿತ್ತು.

ಆ ಸಂಜೆ ಅಜ್ಜಿ ಅವಳಿಗೆ ಹಬೆ ಹಿಡಿಸಿದಳು, ಉಪ್ಪು ನೀರಿನಲ್ಲಿ ಬಾಯಿ ಮುಕ್ಕಳಿಸಲು ಹೇಳಿದಳು, ಕತ್ತಿಗೆ ಉಣ್ಣೆಯ ಬಟ್ಟೆ ಸುತ್ತಿದಳು. "ಎರಡು ದಿನದಿಂದ ಮನೆ ಬಿಕೋ ಅಂತಿದೆ. ನೀನು ಪಕ್ಕದಲ್ಲೇ ಇದ್ರೂ ಇಲ್ಲದ ಹಾಗೆ" ಅಂತ ಅವಳ ಕೈ ಹಿಡಿದುಕೊಂಡೇ ಮಲಗಿದಳು.

ಬೆಳಿಗ್ಗೆ ಎದ್ದು ಮೆಲ್ಲಗೆ "ಅಜ್ಜಿ" ಅಂದರೆ ದನಿ ಹೊರಟಿತು! ಅಜ್ಜಿ ಕುಣಿಯುವುದೊಂದು ಬಾಕಿ. "ಬಂತಾ? ನನ್ನ ಬಂಗಾರ, ಇನ್ನೊಂದ್ಸಲ ಹೇಳು!" ರೇಡಿಯೊ ಮತ್ತೆ ಮತ್ತೆ ಹೇಳಿದಳು. ಹೆಡ್‌ಮಾಸ್ಟರ ದನಿ ತೆಗೆಯಲು ನೋಡಿದಳು, ಬರಲಿಲ್ಲ. ಮೇಡಮ್ಮಿನದು, ಜವಾನನದು, ಯಾವುದೂ ಬರಲಿಲ್ಲ. ಬಂದದ್ದು ತನ್ನದೊಂದೇ. ಪರವಾಗಿಲ್ಲ, ಒಂದೇ ಸಾಕು. ಇವತ್ತು ಮೂರನೇ ದಿನ. ಬಾಯಿ ಬಿಟ್ಟು ಹೇಳುತ್ತೇನೆ, ಕ್ಲಾಸಿನವರೆಲ್ಲ ನನ್ನ ಬಾಯಿಯನ್ನೇ ನೋಡಲಿ ಅಂದುಕೊಂಡು ಹೊರಟಳು. ಬಾಗಿಲವರೆಗೂ ಅಜ್ಜಿಯ ಕೈ ಅವಳ ಬೆನ್ನ ಮೇಲಿತ್ತು.

"ಇಪ್ಪತ್ಮೂರು."

"ಪ್ರೆಸೆಂಟ್ ಸಾರ್," ಅಂತ ಕಿಟಕಿಯ ಕಡೆಯಿಂದ ಅವಳದೇ ದನಿ ಹೇಳಿತು. ಟಿಕ್ಕು.

ರೇಡಿಯೊ ಬೆಂಚಿನ ಅಂಚು ಬಿಗಿಯಾಗಿ ಹಿಡಿದುಕೊಂಡಳು. ಇಪ್ಪತ್ತೆಂಟು. ಇಪ್ಪತ್ತೊಂಬತ್ತು. ಮೂವತ್ತು.

"ಮೂವತ್ತೊಂದು."

"ಪ್ರೆಸೆಂಟ್ ಸಾರ್!"

ಎದ್ದು ನಿಂತು, ಕ್ಲಾಸಿಗೆಲ್ಲ ಕೇಳುವ ಹಾಗೆ, ಈ ಶಾಲೆಯಲ್ಲಿ ಮೊದಲ ಸಲ ತನ್ನ ನಂಬರಿಗೆ ತನ್ನ ದನಿಯಲ್ಲಿ ಹೇಳಿದಳು. ಪೆನ್ನು ನಿಂತಿತು. ಯಾರೂ ಯಾವತ್ತೂ ಕಾಣದ್ದು ಆಗ ನಡೆಯಿತು. ಮೇಷ್ಟ್ರು ತಲೆ ಎತ್ತಿದರು. ದಪ್ಪ ಗಾಜಿನ ಹಿಂದೆ ಎರಡು ಸಣ್ಣ ಕಣ್ಣು ನೇರ ಅವಳ ಮೇಲೆ ಬಿದ್ದವು.

"ಇಪ್ಪತ್ಮೂರು," ಅಂದರು ಬೇಸರದಿಂದ. "ನೀನು ಒಳ್ಳೆ ಹುಡುಗಿ ಅಂದ್ಕೊಂಡಿದ್ದೆ. ಮೊದಲ ಎರಡು ದಿನ ಬಿಟ್ರೆ ಒಂದು ದಿನ ತಪ್ಪಿಸಿದವಳಲ್ಲ. ನೀನೂ ಬೇರೆಯವರಿಗೆ ಪ್ರಾಕ್ಸಿ ಹೇಳೋಕೆ ಶುರು ಮಾಡಿದ್ಯಾ?"

"ಸಾರ್, ನಾನು ಮೂವತ್ತೊಂದು! ಇದು ನನ್ನ ದನಿ ಸಾರ್!"

"ಐದು ತಿಂಗಳಿಂದ ದಿನಾ ಕೇಳ್ತಿದೀನಿ. ನನಗೆ ಹೇಳ್ಕೊಡ್ತೀಯಾ?"

ಅವಳು ಗೆಳೆಯರ ಕಡೆ ತಿರುಗಿದಳು. "ಮಂತ್ರಿ, ಹೇಳೇ! ಡಬ್ಬಿ, ನೀನಾದ್ರೂ ಹೇಳೋ!"

ಡಬ್ಬಿ ಪೆಚ್ಚಾಗಿ ನಕ್ಕ. "ಏ ಇಪ್ಪತ್ಮೂರು, ನಿನ್ನ ಜಾಗ ಬಿಟ್ಟು ಇಲ್ಲಿ ಬಂದು ಯಾಕೆ ಕೂತಿದೀಯ? ಸುಮ್ನೆ ಹೋಗೇ, ಸಾರ್ ಬೈತಾರೆ."

ಮೇಷ್ಟ್ರು ಕೆಂಪು ಪೆನ್ನಿನ ಮುಚ್ಚಳ ತೆಗೆದರು. ಸ್ಕೇಲು ಇಟ್ಟು, ನಿಧಾನವಾಗಿ ಗೆರೆ ಎಳೆದರು. ಕಾಗದದ ಮೇಲೆ ನಿಬ್ಬು ಕೆರೆಯುವ ಸದ್ದು ಕೊನೇ ಬೆಂಚಿನವರೆಗೂ ಕೇಳಿತು. ಕ್ಲಾಸು ಪೂರ್ತಿ "ಅಯ್ಯೋ" ಅಂತು. "ಯಾವಳೇ ಅವಳು ಮೂವತ್ತೊಂದು? ನಮ್ಮ ಸಮುದ್ರ ನುಂಗಿ ನೀರು ಕುಡಿದ್ಲಲ್ಲ!" ಅಂತ ಮಂತ್ರಿ ಹಣೆ ಚಚ್ಚಿಕೊಂಡಳು. ಅವಳ ಕಣ್ಣಲ್ಲಿ ನೀರಿತ್ತು. ನಾಟಕ ಅಲ್ಲ, ನಿಜವಾದ ನೀರು.

"ಇಪ್ಪತ್ಮೂರು, ನಿನ್ನ ಜಾಗಕ್ಕೆ."

ರೇಡಿಯೊ ಬ್ಯಾಗು ಎತ್ತಿಕೊಂಡು ಹೋದಳು. ಬೇರೆ ಎಲ್ಲಿಗೆ ಹೋಗುವುದು? ಕಿಟಕಿ ಪಕ್ಕದ ಬೆಂಚು ಯಾರೋ ಈಗಷ್ಟೇ ಎದ್ದು ಹೋದ ಹಾಗೆ ಬೆಚ್ಚಗಿತ್ತು. ಪುಸ್ತಕ ಇಡಲು ಡೆಸ್ಕಿನ ಮುಚ್ಚಳ ಎತ್ತಿದರೆ ಒಳಮೈಯಲ್ಲಿ ಪೆನ್ಸಿಲಿನಲ್ಲಿ ಬರೆದ ಸಣ್ಣ ಅಕ್ಷರ. ಮೊದಲ ಸಾಲು: 'ಬಂದಿದ್ದೆ. ಹೇಳಲು ನಾಚಿಕೆಯಾಯಿತು.' ಅದರ ಕೆಳಗೆ: 'ಇವತ್ತೂ ಬಂದಿದ್ದೆ. ನಾಳೆ ಹೇಳುತ್ತೇನೆ, ಮನೆಯಲ್ಲಿ ನೂರು ಸಲ ಅಭ್ಯಾಸ ಮಾಡಿದ್ದೇನೆ.' ಕೊನೆಯ ಸಾಲನ್ನು ಪೆನ್ಸಿಲ್ ಒತ್ತಿ ಒತ್ತಿ ಬರೆದದ್ದು: 'ನಾನು ಬಾಯಿ ತೆರೆಯುವ ಮೊದಲೇ ಯಾರೋ ಹೇಳಿಬಿಟ್ಟರು. ಎಲ್ಲರೂ ನಕ್ಕರು.'

ಅವಳು ಎರಡು ಸಲ ಓದಿದಳು. ಮೂರನೇ ದಿನ ಕೇಳಿಸಿದ್ದ ಆ ಉಸಿರು ನೆನಪಾಯಿತು. ಗೂಬೆಯದಾಗಿರಲಿಲ್ಲ. ಅಷ್ಟು ಕಷ್ಟಪಟ್ಟು ಎಳೆದುಕೊಂಡ ಉಸಿರು ಮಾತಾಗದೆ ಎಲ್ಲಿ ಹೋಯಿತು ಅಂತ ಐದು ತಿಂಗಳಲ್ಲಿ ಒಬ್ಬರಾದರೂ ಕೇಳಿದ್ದರೇ? "ನನಗೆ ಗೊತ್ತಿರಲಿಲ್ಲ ಕಣೇ, ತಪ್ಪಾಯ್ತು," ಅಂದಳು ಖಾಲಿ ಬೆಂಚಿಗೆ. ಅಲ್ಲಿ ಈಗ ಯಾರೂ ಇರಲಿಲ್ಲ.

ಮಧ್ಯಾಹ್ನ ಮೂವರೂ ಡಬ್ಬಿ ಹಿಡಿದುಕೊಂಡು ಅವಳ ಹತ್ತಿರ ಬಂದರು. ಡಬ್ಬಿ ಅವಳ ಮೊಟ್ಟೆ ತಿಂದ. ಮಂತ್ರಿ ಅವಳ ಜಡೆ ಸರಿ ಮಾಡಿದಳು. ಎಲ್ಲ ಮೊದಲಿನ ಹಾಗೇ. ಕರೆದ ಹೆಸರೊಂದು ಬೇರೆ.

ಗೆಳೆಯರು ಹೋದರೆ ಹೋಗಲಿ, ನಂಬರು ಹೋದರೆ ಹೋಗಲಿ, ಮನೆಯೊಂದು ಇದೆಯಲ್ಲ ಅಂದುಕೊಂಡು ಗಂಟೆ ಹೊಡೆದ ಕೂಡಲೇ ಓಡಿದಳು. ಅಜ್ಜಿಗೆ ನಂಬರು ಬೇಕಿಲ್ಲ, ಕೆಂಪು ಗೆರೆ ಗೊತ್ತಿಲ್ಲ. ಅಜ್ಜಿಗೆ ಗೊತ್ತಿರುವುದು ದನಿ. ಆ ದನಿ ಇವತ್ತು ವಾಪಸ್ ಬಂದಿದೆ. ಮೆಟ್ಟಿಲು ಎರಡೆರಡಾಗಿ ಹತ್ತಿ, ಏದುಸಿರು ಬಿಡುತ್ತಾ ಬಾಗಿಲು ತಟ್ಟಿದಳು.

"ಅಜ್ಜಿ, ನಾನೇ!"

ಒಳಗೆ ಲೋಟ ಕೆಳಗಿಟ್ಟ ಸದ್ದಾಯಿತು. ಅಜ್ಜಿ "ಬಾ ಮಗಳೇ" ಅನ್ನಲಿಲ್ಲ. ಬಾಗಿಲ ಹತ್ತಿರ ನಿಧಾನ ಹೆಜ್ಜೆ ಬಂತು, ಚಿಲಕದ ಮೇಲೆ ಕೈ ಬಿತ್ತು, ಹಾಗೇ ನಿಂತಿತು.

"ಯಾರದು? ನನ್ನ ಮೊಮ್ಮಗಳ ಹಾಗೆ ಮಾತಾಡ್ತಿರೋದು?" ಅಂದಳು ಅಜ್ಜಿ. "ಅವಳು ಆಗಲೇ ಬಂದು ನನ್ನ ಪಕ್ಕದಲ್ಲಿ ಕೂತಿದಾಳಲ್ಲ."

ಅಜ್ಜಿಯ ಬೆನ್ನ ಹಿಂದಿನಿಂದ ಅವಳದೇ ದನಿ ಕೇಳಿತು. ತಣ್ಣಗೆ, ನಾಚುತ್ತಾ.

"ಯಾರೂ ಇಲ್ಲ ಅಜ್ಜಿ. ಬಾ, ಕೂತ್ಕೋ."